ಅಳತೆ ಮೊದಲು, ಕತ್ತರಿ ಆಮೇಲೆ

ತಿಪಟೂರಿನ ನಮ್ಮ ಮನೆಯಲ್ಲಿ ಹೊಲಿಗೆ ಮಿಷನ್ ಪಕ್ಕ ಒಂದು ಉದ್ದನೆಯ ನೋಟ್‌ಬುಕ್ ಯಾವಾಗಲೂ ಇರುತ್ತೆ. ಅಮ್ಮನ ಅಳತೆ ಪುಸ್ತಕ ಅದು. ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಸುವ ಪಕ್ಕದ ಮನೆ ಆಂಟಿ ಬಂದರೂ ಅಮ್ಮ ಹೊಸದಾಗಿ ಟೇಪ್ ಹಿಡಿಯುತ್ತಾರೆ. ಎದೆ, ಸೊಂಟ, ಭುಜ, ತೋಳು ಎಲ್ಲ ಬರೆದುಕೊಂಡ ಮೇಲೆಯೇ ಕತ್ತರಿ ಕೈಗೆ ಬರೋದು. "ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು ಕಣೇ, ಕತ್ತರಿ ತಪ್ಪಿದ್ರೆ ಬಟ್ಟೆ ವಾಪಸ್ ಬರಲ್ಲ" ಅನ್ನೋದು ಅವರ ಮಾತು. ಚಿಕ್ಕಂದಿನಿಂದ ಕೇಳಿ ಕೇಳಿ ಕಿವಿ ಮರಗಟ್ಟಿತ್ತು. ಅದರ ಅರ್ಥ ನನಗೆ ಆಗಿದ್ದು ಮಾತ್ರ ಒಂದು ಕಂಪ್ಯೂಟರ್ ದೆಸೆಯಿಂದ.

2024ರ ಜೂನ್. ತಮ್ಮ ಬಿಸಿಎ ಎರಡನೇ ವರ್ಷಕ್ಕೆ ಕಾಲಿಟ್ಟಿದ್ದ. ಕಾಲೇಜಿನ ಲ್ಯಾಬ್ ಬಿಟ್ಟರೆ ಅವನಿಗೆ ಪ್ರಾಕ್ಟೀಸ್ ಮಾಡೋಕೆ ಸಿಸ್ಟಂ ಇರಲಿಲ್ಲ. ಫೋನಿನಲ್ಲೇ ಪ್ರೋಗ್ರಾಂ ಬರೆದು ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದ. ಅಮ್ಮ ಚೀಟಿ ಎತ್ತಿ ನನ್ನ ಖಾತೆಗೆ 30,000 ರೂಪಾಯಿ ಹಾಕಿದರು. "ಬೆಂಗಳೂರಲ್ಲಿದ್ದೀಯ, ನೋಡಿ ಒಳ್ಳೇದು ತಗೊಂಡ್ ಬಾ" ಅಂದರು. ಆ ದುಡ್ಡಿಗೆ ಸಿಗೋ ಲ್ಯಾಪ್‌ಟಾಪ್‌ಗಿಂತ ಬಿಡಿ ಭಾಗ ತಂದು ಜೋಡಿಸಿದರೆ ಗಟ್ಟಿ ಸಿಸ್ಟಂ ಆಗುತ್ತೆ, ಕೆಟ್ಟರೂ ಒಂದೊಂದೇ ಭಾಗ ಬದಲಾಯಿಸಬಹುದು ಅಂತ ನಾನೂ ತಮ್ಮನೂ ತೀರ್ಮಾನ ಮಾಡಿದೆವು.

ನಾನು ಅಕೌಂಟ್ಸ್ ಕೆಲಸದವಳು. ಲೆಕ್ಕ ಅಂದರೆ ನನಗೆ ಹೆಮ್ಮೆ. ಒಂದು ಶನಿವಾರ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆದೆ. ನಾಲ್ಕು ಅಂಗಡಿ ಸುತ್ತಿ, ಯಾವ ಭಾಗ ಎಲ್ಲಿ ಕಡಿಮೆಯೋ ಅಲ್ಲಲ್ಲೇ ಕೊಂಡೆ. ಮದರ್‌ಬೋರ್ಡ್ 6,200, ಎರಡು 8 ಜಿಬಿ ರ‍್ಯಾಮ್ 3,200, ಎಸ್‌ಎಸ್‌ಡಿ 3,300, ಕ್ಯಾಬಿನೆಟ್ 2,100, ಎಸ್‌ಎಂಪಿಎಸ್ 2,900, ಕೀಬೋರ್ಡ್ ಮೌಸ್ 900. ಮಾನಿಟರ್ ಮಾವನ ಮನೆಯ ಹಳೆಯದು. ಪ್ರೊಸೆಸರ್ ಇಂಟೆಲ್ ಐ3-12100 ಅಂತ ತಮ್ಮ ಬರೆದುಕೊಟ್ಟಿದ್ದ, ಬೆಲೆ 11,000. ಅದರ ಪಕ್ಕದಲ್ಲೇ ಐ3-12100ಎಫ್ ಅನ್ನೋದು 8,500ಕ್ಕೆ ಇತ್ತು. ಅಷ್ಟೇ ಕೋರ್, ಅದೇ ಡಬ್ಬಿ, ಹೆಸರಿಗೆ ಒಂದಕ್ಷರ ಜಾಸ್ತಿ.

"ಎರಡೂ ಒಂದೇನಾ?" ಅಂದೆ.

"ಸ್ಪೀಡ್ ಎಲ್ಲಾ ಸೇಮ್ ಮೇಡಂ" ಅಂದರು ಅಂಗಡಿಯವರು. ಅದು ಸುಳ್ಳಾಗಿರಲಿಲ್ಲ. ನಾನು ಕೇಳಿದ್ದೇ ಅರ್ಧ ಪ್ರಶ್ನೆ. ಉಳಿದ 2,500ರಲ್ಲಿ ಅಮ್ಮನಿಗೊಂದು ಸೀರೆ ತರಬಹುದು ಅಂತ ಖುಷಿಯಾಗಿ ಎಫ್ ಇರೋದನ್ನೇ ಕೊಂಡು, ಸಂಜೆಯ ರೈಲು ಹತ್ತಿದೆ. ಡಬ್ಬಿಗಳನ್ನೆಲ್ಲ ತಮ್ಮನ ಕೈಗೆ ಕೊಟ್ಟು ಭಾನುವಾರ ವಾಪಸ್ ಬಂದೆ.

ಸೋಮವಾರ ರಾತ್ರಿ ಒಂಬತ್ತೂವರೆಗೆ ಫೋನ್.

"ಅಕ್ಕಾ, ಫ್ಯಾನ್ ತಿರುಗ್ತಿದೆ, ಕೀಬೋರ್ಡ್ ಲೈಟೂ ಬರ್ತಿದೆ. ಸ್ಕ್ರೀನಲ್ಲಿ ಮಾತ್ರ ನೋ ಸಿಗ್ನಲ್ ಅಂತಿದೆ."

"ರ‍್ಯಾಮ್ ಸರಿಯಾಗಿ ಕೂರಿಸಿದ್ದೀಯಾ?"

"ಎರಡು ಸಲ ತೆಗೆದು ಹಾಕ್ದೆ."

"ಪ್ರೊಸೆಸರ್ ಹಾಕುವಾಗ ಬೋರ್ಡಿನ ಪಿನ್ ಬಗ್ಗಿಸಿಬಿಟ್ಟೆಯಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಗೊತ್ತಿಲ್ಲ ಅಕ್ಕಾ. ನಾನೇ ಏನೋ ತಪ್ಪು ಮಾಡಿರಬೇಕು."

ಮೂರು ದಿನ ಹೀಗೇ ಕಳೆಯಿತು. ದಿನಾ ರಾತ್ರಿ ಅವನು ಬಿಚ್ಚೋದು, ಜೋಡಿಸೋದು. ದಿನಾ ನಾನು ಫೋನಿನಲ್ಲಿ ಬೈಯೋದು. "ಅಂಗಡಿಯವರ ಹತ್ರ ಜೋಡಿಸಿದ್ರೆ 500 ಆಗ್ತಿತ್ತು, ನಿನ್ನ ಯೂಟ್ಯೂಬ್ ನಂಬಿ ಕೆಟ್ಟೆ" ಅಂತಲೂ ಅಂದೆ. ಗುರುವಾರ ಅವನು ಎಲ್ಲವನ್ನೂ ಹೊತ್ತುಕೊಂಡು ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡೋ ಅಣ್ಣನ ಹತ್ತಿರ ಹೋದ. ಅವರು ಸಿಸ್ಟಂ ಮುಟ್ಟಲೇ ಇಲ್ಲವಂತೆ. ಪ್ರೊಸೆಸರ್ ಡಬ್ಬಿ ತಿರುಗಿಸಿ ನೋಡಿ, "ಕೊನೇಲಿ ಎಫ್ ಇದೆಯಲ್ಲಪ್ಪಾ, ಇದಕ್ಕೆ ಡಿಸ್‌ಪ್ಲೇ ಕೊಡೋ ಶಕ್ತಿನೇ ಇಲ್ಲ" ಅಂದರಂತೆ. ಯಾವುದೋ ಹಳೇ ಸಿಸ್ಟಂನಿಂದ ಗ್ರಾಫಿಕ್ಸ್ ಕಾರ್ಡ್ ತೆಗೆದು ಇದಕ್ಕೆ ಚುಚ್ಚಿದರು. ತಕ್ಷಣ ಸ್ಕ್ರೀನ್ ಬೆಳಗಿತು.

ತಮ್ಮ ಎಲ್ಲವನ್ನೂ ಸರಿಯಾಗೇ ಜೋಡಿಸಿದ್ದ. ತಪ್ಪು ನನ್ನದು.

ಒಂದಕ್ಷರದ ಬೆಲೆ

ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕೋರಿಗೆ, ಮುಖ್ಯವಾಗಿ ಗೇಮ್ ಆಡೋರಿಗೆ, ಅದು ದುಡ್ಡು ಉಳಿಸೋ ಆಯ್ಕೆ. ಕಾರ್ಡ್ ಹಾಕದ ಮನೆಗೆ ಅದು ದಂಡ. ಮೋಸ ಹೋಗೋದು ಎಲ್ಲಿ ಅಂದರೆ, ಮದರ್‌ಬೋರ್ಡಿನ ಹಿಂದೆ ಎಚ್‌ಡಿಎಂಐ, ವಿಜಿಎ ಕಿಂಡಿಗಳು ಇದ್ದೇ ಇರುತ್ತವೆ. ಕೇಬಲ್ ಚುಚ್ಚಿದರೆ ಸಲೀಸಾಗಿ ಕೂರುತ್ತೆ. ಆದರೆ ಆ ಕಿಂಡಿಗೆ ಚಿತ್ರ ಕಳಿಸಬೇಕಾದ್ದು ಪ್ರೊಸೆಸರ್. ನಲ್ಲಿ ಇದೆ, ಟ್ಯಾಂಕ್‌ನಲ್ಲಿ ನೀರಿಲ್ಲ.

ಎಎಂಡಿಯಲ್ಲಿ ಅಕ್ಷರದ ಲೆಕ್ಕ ಉಲ್ಟಾ. ಅವರ ಎಎಂ4 ಸಾಕೆಟ್‌ನ ರೈಜನ್‌ಗಳಲ್ಲಿ ಗ್ರಾಫಿಕ್ಸ್ ಬೇಕಿದ್ದರೆ ಹೆಸರಿನಲ್ಲಿ ಜಿ ಇರಬೇಕು. 5600ಜಿಯಲ್ಲಿ ಇದೆ, ಬರೀ 5600ರಲ್ಲಿ ಇಲ್ಲ. ಹೊಸ ಎಎಂ5 ಸಾಕೆಟ್‌ನ 7000 ಸರಣಿಯಲ್ಲಿ ಮಾಮೂಲಿ ಮಾಡೆಲ್‌ಗಳಲ್ಲೂ ಸಣ್ಣ ಗ್ರಾಫಿಕ್ಸ್ ಇರುತ್ತೆ, ಅಲ್ಲಿ ಮತ್ತೆ ಎಫ್ ಇದ್ದರೆ ಇಲ್ಲ. ಹಾಗಾಗಿ ಹೆಸರು ಬರೆದುಕೊಳ್ಳುವಾಗ ಕೊನೆಯ ಅಕ್ಷರದ ತನಕ ಬರೆದುಕೊಳ್ಳಿ. "ಐ3, 12ನೇ ಜನರೇಷನ್" ಅನ್ನೋದು ಹೆಸರಲ್ಲ, ಮನೆತನ.

ಪ್ರೊಸೆಸರ್ ಮತ್ತು ಬೋರ್ಡ್

ಆ ವಾರದ ಆಮೇಲೆ ನಾನು ಕೂತು ಓದಿದೆ. ಗೊತ್ತಾಗಿದ್ದು ಇಷ್ಟು. ಒಂದೊಂದು ಭಾಗವೂ ಬಿಡಿಯಾಗಿ ಒಳ್ಳೆಯದೇ ಇರಬಹುದು. ನೋಡಬೇಕಾದ್ದು ಅದು ಒಳ್ಳೆಯದಾ ಅಂತ ಅಲ್ಲ, ಪಕ್ಕದ್ದಕ್ಕೆ ಕೂರುತ್ತಾ ಅಂತ.

ಮೊದಲ ಜೋಡಿ ಪ್ರೊಸೆಸರ್ ಮತ್ತು ಮದರ್‌ಬೋರ್ಡ್. ಇಲ್ಲಿ ಮೂರು ಸಲ ನೋಡಬೇಕು. ಮೊದಲನೆಯದು ಸಾಕೆಟ್. ಇಂಟೆಲ್‌ನ 10 ಮತ್ತು 11ನೇ ತಲೆಮಾರಿಗೆ ಎಲ್‌ಜಿಎ 1200, 12ರಿಂದ 14ಕ್ಕೆ ಎಲ್‌ಜಿಎ 1700. ಒಂದು ಇನ್ನೊಂದಕ್ಕೆ ಕೂರೋದಿಲ್ಲ. ಎಎಂಡಿಯಲ್ಲಿ ರೈಜನ್ 5000 ಸರಣಿಯ ತನಕ ಎಎಂ4, 7000ದಿಂದ ಎಎಂ5.

ಎರಡನೆಯದು ಚಿಪ್‌ಸೆಟ್, ಅಂದರೆ ಬೋರ್ಡಿನ ಹೆಸರಿನಲ್ಲಿರೋ ಎಚ್610, ಬಿ760, ಎ520 ಅನ್ನೋ ಗುರುತು. ಮನೆ ಬಳಕೆಗೆ ಎಚ್610 ಧಾರಾಳ ಸಾಕು.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಅದು ಬಯೋಸ್. ಬೋರ್ಡ್ ತಯಾರಾದಾಗ ಹುಟ್ಟಿರದ ಪ್ರೊಸೆಸರನ್ನು ಆ ಬೋರ್ಡ್ ಗುರುತು ಹಿಡಿಯೋದಿಲ್ಲ. ಸಾಕೆಟ್ ಒಂದೇ ಇದ್ದರೂ ಅಷ್ಟೇ. ಹಳೇ ಸ್ಟಾಕ್‌ನ ಬಿ450 ಬೋರ್ಡಿಗೆ ರೈಜನ್ 5600 ಹಾಕಿದರೆ, ಅಥವಾ ಮೊದಮೊದಲ ಎಚ್610 ಬೋರ್ಡಿಗೆ 14ನೇ ತಲೆಮಾರಿನ ಇಂಟೆಲ್ ಹಾಕಿದರೆ, ಬಯೋಸ್ ಅಪ್‌ಡೇಟ್ ಆಗೋ ತನಕ ಕತ್ತಲೆಯೇ. ಅಪ್‌ಡೇಟ್ ಮಾಡೋಣ ಅಂದರೆ ಸಿಸ್ಟಂ ಆನ್ ಆಗಬೇಕು, ಆನ್ ಆಗೋಕೆ ಅಪ್‌ಡೇಟ್ ಬೇಕು. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆ ಪೆನ್‌ಡ್ರೈವ್‌ನಿಂದಲೇ ಅಪ್‌ಡೇಟ್ ಮಾಡೋ ಬಟನ್ ಇರುತ್ತೆ. ಇಲ್ಲದಿದ್ದರೆ ಅಂಗಡಿಯವರ ಕೈಲೇ ಮಾಡಿಸಿಕೊಳ್ಳಬೇಕು.

ಇದಕ್ಕೆಲ್ಲ ಒಂದೇ ಮದ್ದು ಇದೆ. ಬೋರ್ಡ್ ತಯಾರಿಸಿದ ಕಂಪನಿಯ ಸೈಟಿನಲ್ಲಿ ಆ ಮಾಡೆಲ್‌ನ ಪುಟ ತೆರೆದರೆ ಸಪೋರ್ಟ್ ವಿಭಾಗದಲ್ಲಿ ಸಿಪಿಯು ಪಟ್ಟಿ ಸಿಗುತ್ತೆ. ನಿಮ್ಮ ಪ್ರೊಸೆಸರ್ ಹೆಸರು ಅದರಲ್ಲಿದೆಯಾ, ಅದರ ಎದುರು ಯಾವ ಬಯೋಸ್ ಆವೃತ್ತಿ ಬರೆದಿದೆ ಅಂತ ನೋಡಿ. ಫೋನಿನಲ್ಲಿ ಐದು ನಿಮಿಷದ ಕೆಲಸ. ಬಸ್ಸಿನಲ್ಲಿ ಕೂತೇ ಮಾಡಬಹುದು.

ರ‍್ಯಾಮ್ ಮತ್ತು ಎಸ್‌ಎಸ್‌ಡಿ

ಡಿಡಿಆರ್4, ಡಿಡಿಆರ್5 ಎರಡರಲ್ಲೂ 288 ಪಿನ್. ಉದ್ದವೂ ಒಂದೇ. ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದು ಇಳಿಯೋದಿಲ್ಲ. ಒತ್ತಿ ತುರುಕಿದರೆ ಎರಡೂ ಹಾಳು. ಎಎಂ4ಗೆ ಡಿಡಿಆರ್4 ಮಾತ್ರ, ಎಎಂ5ಗೆ ಡಿಡಿಆರ್5 ಮಾತ್ರ. ಗೊಂದಲ ಇರೋದು ಎಲ್‌ಜಿಎ 1700ರಲ್ಲಿ. ಅಲ್ಲಿ ಒಂದೇ ಎಚ್610 ಚಿಪ್‌ಸೆಟ್‌ನಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ. ಬೋರ್ಡಿನ ಪೂರ್ತಿ ಹೆಸರು ನೋಡದೆ ರ‍್ಯಾಮ್ ಕೊಳ್ಳಬೇಡಿ. ಲ್ಯಾಪ್‌ಟಾಪ್ ರ‍್ಯಾಮ್ ಗಾತ್ರದಲ್ಲಿ ಚಿಕ್ಕದು, ಮಾಮೂಲಿ ಡೆಸ್ಕ್‌ಟಾಪ್ ಬೋರ್ಡಿಗೆ ಆಗಲ್ಲ.

2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ. ಹಾಗಾಗಿ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್‌ನ ಡಿಡಿಆರ್4 ಸ್ಟಿಕ್ ಇದ್ದರೆ, ಅದನ್ನು ತೆಗೆದುಕೊಳ್ಳೋ ಬೋರ್ಡನ್ನೇ ಆರಿಸೋದು ಜಾಣತನ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಿಸ್ಟಂನಲ್ಲಿ ಒಂದು ದೊಡ್ಡ ಸ್ಟಿಕ್‌ಗಿಂತ ಎರಡು ಸಮನಾದ ಸ್ಟಿಕ್ ಚೆನ್ನಾಗಿ ಓಡುತ್ತವೆ. ಆದರೆ ಬೋರ್ಡಿನಲ್ಲಿ ಎರಡೇ ಜಾಗ ಇದ್ದರೆ ಮುಂದೆ ಸೇರಿಸೋಕೆ ಜಾಗ ಉಳಿಯಲ್ಲ, ಇರೋದನ್ನು ತೆಗೆದೇ ಹಾಕಬೇಕು.

ಎಸ್‌ಎಸ್‌ಡಿಯಲ್ಲೂ ಒಂದು ಅವಳಿ ಜವಳಿ ಇದೆ. ಚೂಯಿಂಗ್ ಗಮ್ ಪಟ್ಟಿಯಂತಿರೋ ಎಂ.2 ಎಸ್‌ಎಸ್‌ಡಿಗಳಲ್ಲಿ ಎನ್‌ವಿಎಂಇ ಬೇರೆ, ಸಾಟಾ ಬೇರೆ. ಆಕಾರ ಹೆಚ್ಚುಕಡಿಮೆ ಒಂದೇ, ಆದರೆ ಕೆಲವು ಬೋರ್ಡಿನ ಎಂ.2 ಜಾಗ ಎನ್‌ವಿಎಂಇಯನ್ನು ಮಾತ್ರ ಗುರುತಿಸುತ್ತೆ. ಬೋರ್ಡಿನ ಪುಟದಲ್ಲಿ ಸ್ಟೋರೇಜ್ ಅನ್ನೋ ಸಾಲು ಓದಿ.

ಕರೆಂಟ್, ಡಬ್ಬಿ, ಗಾಳಿ

ಕ್ಯಾಬಿನೆಟ್ ಜೊತೆ "ಎಸ್‌ಎಂಪಿಎಸ್ ಫ್ರೀ" ಅಂದರೆ ಬೇಡ ಅನ್ನಿ. ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಅಚ್ಚಾಗಿದ್ದರೂ, ಹೆಸರಿಲ್ಲದ ಕಂಪನಿಯದನ್ನು ನಂಬೋಕಾಗಲ್ಲ. ಅದು ಕೆಟ್ಟರೆ ಒಂಟಿಯಾಗಿ ಹೋಗದೆ ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ಐ3-12100 ಜೋರಾಗಿ ಕೆಲಸ ಮಾಡುವಾಗಲೂ ಹೆಚ್ಚೆಂದರೆ 89 ವ್ಯಾಟ್ ಎಳೆಯುತ್ತೆ ಅಂತ ಇಂಟೆಲ್ ಹೇಳುತ್ತೆ. ಕಾರ್ಡ್ ಇಲ್ಲದ ಮನೆ ಸಿಸ್ಟಂಗೆ ಒಳ್ಳೇ ಹೆಸರಿನ 450 ವ್ಯಾಟ್ ಬೇಕಾದಷ್ಟಾಯಿತು. ಬೋರ್ಡಿಗೆ 24 ಪಿನ್, ಪ್ರೊಸೆಸರ್‌ಗೆ 4 ಅಥವಾ 8 ಪಿನ್ ವೈರು ಇದೆಯಾ ನೋಡಿ. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕೋ ಆಸೆ ಇದ್ದರೆ 6+2 ಪಿನ್ ವೈರೂ ಇರಲಿ. ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ ಸಿಗೋದು 75 ವ್ಯಾಟ್ ಮಾತ್ರ.

ಕ್ಯಾಬಿನೆಟ್‌ಗೆ ಬೋರ್ಡಿನ ಗಾತ್ರ ಹೊಂದಬೇಕು. ಬಜೆಟ್ ಬೋರ್ಡ್‌ಗಳು ಬಹುಪಾಲು ಮೈಕ್ರೋ ಎಟಿಎಕ್ಸ್, ಹೆಚ್ಚೆಂದರೆ 24.4 ಸೆಂಟಿಮೀಟರ್ ಚೌಕ. ಅದು ದೊಡ್ಡ ಎಟಿಎಕ್ಸ್ ಕ್ಯಾಬಿನೆಟ್‌ಗೂ ಕೂರುತ್ತೆ. ಆದರೆ ಮುದ್ದಾಗಿದೆ ಅಂತ ಕೊಂಡ ಮಿನಿ ಐಟಿಎಕ್ಸ್ ಡಬ್ಬಿಗೆ ಹಿಡಿಸಲ್ಲ, ಅದರ ಬೋರ್ಡ್ 17 ಸೆಂಟಿಮೀಟರ್ ಮಾತ್ರ.

ಪ್ರೊಸೆಸರ್ ಡಬ್ಬಿಯಲ್ಲಿ ಕೂಲರ್ ಬರುತ್ತಾ ಕೇಳಿ. ಡಬ್ಬಿ ಇಲ್ಲದೆ ಬಿಡಿಯಾಗಿ ಮಾರೋದನ್ನು ಟ್ರೇ ಅಂತಾರೆ. ಅದರಲ್ಲಿ ಕೂಲರ್ ಇರಲ್ಲ, ಅದಕ್ಕೇ ಅಗ್ಗ. ಮನೆಯಲ್ಲಿರೋ ಹಳೇ ಕೂಲರ್ ಹಾಕೋಣ ಅಂದರೆ ಎಲ್‌ಜಿಎ 1700 ಬೋರ್ಡಿನ ತೂತುಗಳ ಅಂತರ ಎಲ್‌ಜಿಎ 1200ಕ್ಕಿಂತ ಬೇರೆ.

ಕೊನೆಯಲ್ಲಿ ನೆನಪಾಗೋ ಸಣ್ಣಪುಟ್ಟವು. ಅಗ್ಗದ ಬೋರ್ಡ್‌ಗಳಲ್ಲಿ ವೈಫೈ ಸಾಮಾನ್ಯವಾಗಿ ಇರೋದಿಲ್ಲ, ಯುಎಸ್‌ಬಿ ಡಾಂಗಲ್ ಬೇಕು. ಹಳೇ ಮಾನಿಟರ್‌ನಲ್ಲಿ ವಿಜಿಎ ಮಾತ್ರ ಇದ್ದರೆ ವಿಜಿಎ ಇರೋ ಬೋರ್ಡ್ ಆರಿಸಿ, ಇಲ್ಲವೇ ಎಚ್‌ಡಿಎಂಐಯನ್ನು ವಿಜಿಎಗೆ ಬದಲಿಸೋ ಅಡಾಪ್ಟರ್ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ತಗೊಳ್ಳೋರು ಇನ್ನೊಂದು ನೋಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು, ರೈಜನ್ ಆದರೆ 2000 ಸರಣಿಯಿಂದ ಈಚಿನದು ಬೇಕು.

ದುಡ್ಡು ಕೊಡೋ ಮುಂಚೆ

ಪಿಸಿಪಾರ್ಟ್‌ಪಿಕರ್ ಅನ್ನೋ ಸೈಟಿನಲ್ಲಿ ಭಾಗಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದರೆ, ಹೊಂದದ ಜೋಡಿ ಕಂಡಾಗ ಅದೇ ಎಚ್ಚರಿಸುತ್ತೆ. ಮೊದಲ ಜರಡಿಯಾಗಿ ಚೆನ್ನಾಗಿದೆ. ಅಲ್ಲಿ ಪಾಸಾದ ಪಟ್ಟಿಯನ್ನೂ ಬೋರ್ಡ್ ಕಂಪನಿಯ ಸಿಪಿಯು ಪಟ್ಟಿಗೆ ಒಮ್ಮೆ ಹಿಡಿದು ನೋಡಿ.

ಆದಷ್ಟು ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳಿ. ನನ್ನ ಹಾಗೆ ನಾಲ್ಕು ಕಡೆ ಕೊಂಡರೆ, ತೊಂದರೆ ಬಂದಾಗ ನಾಲ್ವರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಪೂರ್ತಿ ಪಟ್ಟಿಯನ್ನು ಅವರಿಗೆ ವಾಟ್ಸ್ಆ್ಯಪ್ ಮಾಡಿ, "ಇದಿಷ್ಟೇ ಜೋಡಿಸಿದರೆ, ಬೇರೆ ಕಾರ್ಡ್ ಹಾಕದೆ, ಸ್ಕ್ರೀನ್ ಬರುತ್ತಾ?" ಅಂತ ಬರವಣಿಗೆಯಲ್ಲೇ ಕೇಳಿ. ಸಾಧ್ಯವಾದರೆ ಅಲ್ಲೇ ಜೋಡಿಸಿ ಡಿಸ್‌ಪ್ಲೇ ತೋರಿಸಿ ಅನ್ನಿ. ಮಾಡೆಲ್ ಹೆಸರು ಪೂರ್ತಿ ಬರೆದ ಜಿಎಸ್‌ಟಿ ಬಿಲ್ ಇಸ್ಕೊಳ್ಳಿ. ಸೀಲ್ ಒಡೆದ ಡಬ್ಬಿ ಅಂದರೆ ಕತ್ತರಿ ಬಿದ್ದ ಬಟ್ಟೆ.

ನನ್ನ ಬಟ್ಟೆಗೆ ಕತ್ತರಿ ಬಿದ್ದಾಗಿತ್ತು. ಮುಂದಿನ ಶನಿವಾರ ಆ ಪ್ರೊಸೆಸರ್ ಹಿಡಿದು ಅಂಗಡಿಗೆ ಹೋದೆ. "ಓಪನ್ ಪೀಸ್ ಮೇಡಂ" ಅಂತ 7,000ಕ್ಕೆ ವಾಪಸ್ ತಗೊಂಡರು. 4,000 ಸೇರಿಸಿ ಎಫ್ ಇಲ್ಲದ ಐ3-12100 ತಂದೆ. ಆಮೇಲೆ ಕೂತು ಲೆಕ್ಕ ಹಾಕಿದರೆ, ಮೊದಲೇ ಅದನ್ನು ಕೊಂಡಿದ್ದರೂ ಒಟ್ಟು 29,600 ಆಗುತ್ತಿತ್ತು. ಅಮ್ಮನ ದುಡ್ಡಿನೊಳಗೇ ಇತ್ತು. ಉಳಿಸೋಕೆ ಹೋಗಿ ಕಳೆದಿದ್ದು 1,500. ಅಮ್ಮ ಒಂದು ಲೈನಿಂಗ್ ಬ್ಲೌಸ್‌ಗೆ ತಗೊಳ್ಳೋದು 300. ಐದು ಬ್ಲೌಸ್. ಅದನ್ನು ನನ್ನ ಸಂಬಳದಿಂದ ತುಂಬಿದೆ. ಸೀರೆ ಬರಲಿಲ್ಲ.

ಆದರೆ ದುಡ್ಡಿನ ಲೆಕ್ಕ ಸುಲಭದ್ದು. ಪ್ರೊಸೆಸರ್ ಬದಲಾಯಿಸಿದ ದಿನ ನಾನೂ ಊರಿನಲ್ಲಿದ್ದೆ. ತಮ್ಮ ಹಳೇ ಟೂತ್‌ಬ್ರಷ್‌ನಿಂದ ಕ್ಯಾಬಿನೆಟ್ ಧೂಳು ಒರೆಸಿ, ಬೋರ್ಡಿನ ಸಾಕೆಟ್ ಮುಚ್ಚಳ ತೆಗೆದು, ಪ್ರೊಸೆಸರನ್ನು ಎರಡು ಬೆರಳಲ್ಲಿ ಹಿಡಿದು ಇಳಿಸಿದ. ಉಸಿರು ಬಿಗಿಹಿಡಿದಿದ್ದ. ಎಷ್ಟು ಜೋಪಾನದ ಕೈ ಅಂತ ಆಗ ಗೊತ್ತಾಯಿತು. ಇದೇ ಕೈಗೆ ನಾನು ಮೂರು ರಾತ್ರಿ ಬೈದಿದ್ದೆ.

"ಸಾರಿ ಕಣೋ" ಅಂದೆ. "ನೀನು ತಪ್ಪೇ ಮಾಡಿರಲಿಲ್ಲ. ಯಾಕೆ ನಾನೇ ಮಾಡಿರಬೇಕು ಅಂದೆ?"

"ನೀನು ಲೆಕ್ಕದಲ್ಲಿ ತಪ್ಪಲ್ಲ ಅಲ್ವಾ ಅಕ್ಕಾ" ಅಂದ, ತಲೆ ಎತ್ತದೆ.

ಸ್ಕ್ರೀನ್ ಬಂತು. ಅಮ್ಮ ಮಿಷನ್ ನಿಲ್ಲಿಸಿ ನೋಡಿ, ತಮ್ಮ ಅಳತೆ ಪುಸ್ತಕವನ್ನು ಅವನ ಕಡೆ ತಳ್ಳಿದರು. "ಇದರ ಅಳತೇನೂ ಬರೆದಿಡು, ಮುಂದೆ ಬೇಕಾಗುತ್ತೆ."

ಮೊನ್ನೆ ತಮ್ಮನ ಸ್ನೇಹಿತನೊಬ್ಬ ಸಿಸ್ಟಂ ಜೋಡಿಸೋಕೆ ಸಲಹೆ ಕೇಳಿದನಂತೆ. ತಮ್ಮ ಆ ಪುಟದ ಫೋಟೋ ತೆಗೆದು ಅವನಿಗೂ ನನಗೂ ಕಳಿಸಿದ್ದ. ಮೇಲೆ ಯಾರದೋ ತೋಳು 9 ಇಂಚು, ಭುಜ 14. ಕೆಳಗೆ ಸಾಕೆಟ್ 1700, ಡಿಡಿಆರ್4, ಮೈಕ್ರೋ ಎಟಿಎಕ್ಸ್, ಮಾನಿಟರ್ ವಿಜಿಎ. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಒಂದು ಸಾಲು: "ಎಫ್ ಇದೆಯಾ? ಅಕ್ಕನನ್ನು ಕೇಳು."